ಕೊನೆಯ ಬಸ್ಸು ತಪ್ಪಿದ ಮೇಲೆ

ಕಳೆದ ವಾರದ ಅಂಕಣವನ್ನು ಮುಗಿಸುವಾಗ, ಕೆಂಪಾಂಬುಧಿ ಕೆರೆಯ ಏರಿಯ ಮೇಲೆ ಬೆಳುದಿಂಗಳಿನಲ್ಲಿ ನಡೆಯಬಯಸುವವರು ಗವಿಪುರದ ಕಡೆಯಿಂದ ಹೊರಡುವುದು ಲೇಸೋ ಚಾಮರಾಜಪೇಟೆಯ ಕಡೆಯಿಂದ ಹೊರಡುವುದು ಲೇಸೋ ಎಂಬ ಬಹುಕಾಲದ ವಿವಾದವನ್ನು ಈ ವಾರ ಇತ್ಯರ್ಥಪಡಿಸುವೆನೆಂದು ವಾಚಕರಿಗೆ ವಚನವಿತ್ತಿದ್ದೆನು. ಆ ವಿವಾದ ಇನ್ನೊಂದು ವಾರ ಕಾಯಬಲ್ಲುದು. ಬಸವನಗುಡಿಯ ಸಭಾಂಗಣವೊಂದರಲ್ಲಿ ಮೊನ್ನೆ ಕೇಳಿದ ಉಪನ್ಯಾಸವೊಂದಕ್ಕೆ ಉತ್ತರ ಹೇಳದೆ ಇರುವುದು ಮಾತ್ರ ನನ್ನಿಂದಾಗದು.

ಉಪನ್ಯಾಸಕರು ನಮ್ಮ ಊರಿನ ಪಾರಂಪರಿಕ ನಡಿಗೆಗಳ ಪಂಥಕ್ಕೆ ಸೇರಿದವರು. ಬೆಳಗಿನ ಹೊತ್ತು ಜನರನ್ನು ಕೂಡಿಸಿಕೊಂಡು, ಕಟ್ಟಡದ ಕಮಾನನ್ನೂ ಶಿಲಾಫಲಕದ ತೇದಿಯನ್ನೂ ತೋರಿಸಿ, ಬಿಸಿಲೇರುವಷ್ಟರಲ್ಲಿ ದೋಸೆಯ ಹೋಟೆಲಿನಲ್ಲಿ ಸಮಾಪ್ತಿಗೊಳಿಸುವ ಪಂಥವದು. ಅವರಿಗೂ ನನಗೂ ಇರುವ ಭಿನ್ನಾಭಿಪ್ರಾಯ ಈ ಅಂಕಣದ ವಾಚಕರಿಗೆ ಹೊಸತಲ್ಲ. ಅವರ ಪ್ರತಿಪಾದನೆಯ ಸಾರ ಇಷ್ಟು: ಬೆಂಗಳೂರಿಗೆ ರಾತ್ರಿಜೀವನವೆಂಬುದು ಬಂದದ್ದು ಬ್ರಿಗೇಡ್ ರಸ್ತೆಯ ಪಬ್ಬುಗಳೊಡನೆ, ಸಲಿಂಗಪ್ರೇಮಿಗಳು ರಾತ್ರಿ ಒಂದೆಡೆ ಕೂಡುವ ರೂಢಿ ಬಂದದ್ದು ಅದಕ್ಕೂ ಈಚೆಗೆ, ಸಾಫ್ಟ್‌ವೇರ್ ಕಂಪನಿಗಳೊಡನೆ, ಸಮುದ್ರದಾಚೆಯಿಂದ. ಈ ಎರಡು ಮಾತೂ ಅಸತ್ಯ. ಊರನ್ನು ಹಗಲಿನಲ್ಲಿ ಮಾತ್ರ ಕಂಡವರು ಅದರ ರಾತ್ರಿಯ ಚರಿತ್ರೆಯನ್ನು ಬರೆಯಹೊರಟಾಗ ಸಂಭವಿಸುವ ಪ್ರಮಾದವಿದು. ನಾನು ಯೌವನದಿಂದ ಈ ಊರಿನ ರಾತ್ರಿಗಳಲ್ಲಿ ನಡೆದವನು. ಮೊದಮೊದಲು ನಡೆದದ್ದು ನನ್ನಂಥ ಗಂಡಸರನ್ನು ಕಾಣುವುದಕ್ಕಾಗಿಯೇ. ಆದ್ದರಿಂದ ಇಲ್ಲಿ ಸಾಕ್ಷಿ ನುಡಿಯುವ ಅಧಿಕಾರ ನನಗುಂಟು.

ಸಮುದ್ರದಾಚೆಯ ರೂಢಿ ಎಂಥದೆಂಬುದನ್ನೇ ಮೊದಲು ನೋಡೋಣ. ನ್ಯೂಯಾರ್ಕಿನ ಗ್ರೀನ್‌ವಿಚ್ ವಿಲೇಜಿನಲ್ಲಿ ಕ್ರಿಸ್ಟೊಫರ್ ಬೀದಿಯೆಂಬುದೊಂದಿದೆ. ಅಲ್ಲಿಯ ಸ್ಟೋನ್‌ವಾಲ್ ಎಂಬ ಪಾನಗೃಹಕ್ಕೆ 1969ರ ಜೂನ್ 28ರಂದು ಪೊಲೀಸರು ನುಗ್ಗಿದಾಗ ಸಲಿಂಗಪ್ರೇಮಿ ಗಿರಾಕಿಗಳು ತಿರುಗಿ ನಿಂತ ಕಥೆ ಲೋಕಪ್ರಸಿದ್ಧ. 2016ರಲ್ಲಿ ಆ ಸ್ಥಳವನ್ನು ಅಮೆರಿಕದ ಸರಕಾರ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿತು. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಸ್ಟ್ರೋ ಬಡಾವಣೆಯೂ ಅಂಥದ್ದೇ. ಸಲಿಂಗಪ್ರೇಮಿಯೆಂದು ಬಹಿರಂಗವಾಗಿ ಹೇಳಿಕೊಂಡ ಹಾರ್ವೆ ಮಿಲ್ಕ್ 1977ರಲ್ಲಿ ನಗರಾಡಳಿತಕ್ಕೆ ಚುನಾಯಿತನಾದದ್ದು ಆ ಬಡಾವಣೆಯವರ ಬಲದಿಂದ. ಮನೆ ಬಿಟ್ಟು ಬಂದ ಗಂಡಸರು ಅಲ್ಲಿ ಕೋಣೆ ಹಿಡಿದರು, ಅಂಗಡಿ ತೆರೆದರು, ಬೀದಿಗೆ ಬೀದಿಯನ್ನೇ ತಮ್ಮದಾಗಿಸಿಕೊಂಡರು. ನಮ್ಮಲ್ಲಿ ಮನೆ ಬಿಟ್ಟು ಬಂದವರಾರು? ಒಂಟಿ ಗಂಡಸಿಗೆ ಬಸವನಗುಡಿಯಲ್ಲಿ ಬಾಡಿಗೆಗೆ ಮನೆ ಕೊಟ್ಟವರಾರು? ನಮ್ಮವರು ತಾಯಿತಂದೆಯರೊಡನೆ, ಹೆಂಡತಿ ಮಕ್ಕಳೊಡನೆ, ವಠಾರಗಳಲ್ಲಿ ಬಾಳುತ್ತಿದ್ದವರು. ಅವರಿಗೆ ಹಗಲಿನಲ್ಲಿ ಬಡಾವಣೆಯಿರಲಿಲ್ಲ. ಕಚೇರಿ ಬಿಟ್ಟ ಮೇಲೆ ಅದು ಕೂಡುತ್ತಿತ್ತು, ಕೊನೆಯ ಬಿ.ಟಿ.ಎಸ್. ಬಸ್ಸು ಹೊರಟಾಗ ಅರ್ಧ ಕರಗುತ್ತಿತ್ತು. ಬಸ್ಸು ತಪ್ಪಿಸಿಕೊಂಡವರು, ಅಥವಾ ತಪ್ಪಿಸಿಕೊಳ್ಳಬೇಕೆಂದೇ ಕುಳಿತವರು, ಮಿಕ್ಕರ್ಧವನ್ನು ನಡುರಾತ್ರಿಯವರೆಗೆ ಕಾಪಾಡಿಕೊಳ್ಳುತ್ತಿದ್ದರು.

ಅದು ಕೂಡುತ್ತಿದ್ದ ಮುಖ್ಯ ಸ್ಥಾನ ಕಬ್ಬನ್ ಪಾರ್ಕು. 1870ರಲ್ಲಿ ಸ್ಯಾಂಕಿಯವರು ರೂಪಿಸಿದ ಉದ್ಯಾನ, 1927ರಲ್ಲಿ ಚಾಮರಾಜೇಂದ್ರ ಉದ್ಯಾನವೆಂದು ನಾಮಕರಣಗೊಂಡರೂ ಜನರ ಬಾಯಲ್ಲಿ ಹಳೆಯ ಹೆಸರನ್ನೇ ಉಳಿಸಿಕೊಂಡದ್ದು, ಅಠಾರಾ ಕಚೇರಿಯ ಕೆಂಪು ಗೋಡೆ, ಶೇಷಾದ್ರಿ ಅಯ್ಯರ್ ಸ್ಮಾರಕ ಗ್ರಂಥಾಲಯ, ಬ್ಯಾಂಡ್‌ಸ್ಟ್ಯಾಂಡ್, ಇವೆಲ್ಲವನ್ನೂ ಬೆಳಗಿನ ಪಂಥದವರು ಚೆನ್ನಾಗಿ ವರ್ಣಿಸಬಲ್ಲರು. ಗುಮಾಸ್ತರು ಮನೆ ಸೇರಿ, ಗ್ರಂಥಾಲಯದ ಬಾಗಿಲು ಮುಚ್ಚಿ, ಬಿದಿರುಮೆಳೆಗಳ ಬಳಿ ಕತ್ತಲೆ ಕವಿದ ಮೇಲಿನ ಪಾರ್ಕನ್ನು ಅವರು ಅರಿಯರು. ಕಲ್ಲುಬೆಂಚಿನ ಒಂದು ತುದಿಯಲ್ಲಿ ಒಬ್ಬನು ಕುಳಿತಿರುವನು. ಇನ್ನೊಬ್ಬನು ಬಂದು, ಕೈಗಡಿಯಾರ ತನಗಿದ್ದರೂ, ಗಂಟೆ ಎಷ್ಟಾಯಿತು ಸಾರ್ ಎಂದು ಕೇಳುವನು. ಇಲ್ಲವೆ ಬೆಂಕಿಪೊಟ್ಟಣ ಬೇಡುವನು. ಉತ್ತರ ಬರುವ ರೀತಿಯಿಂದಲೇ ಎಲ್ಲವೂ ತಿಳಿಯುತ್ತಿತ್ತು. ಅಲ್ಲಿ ದೇಹದ ವ್ಯವಹಾರ ನಡೆಯುತ್ತಿರಲಿಲ್ಲವೆಂದು ನಾನು ಹೇಳುವವನಲ್ಲ; ನಡೆಯುತ್ತಿತ್ತು, ಅದರಲ್ಲಿ ಲಜ್ಜೆಪಡಬೇಕಾದ್ದನ್ನು ನಾನು ಕಾಣೆ. ಆದರೆ ಅದಕ್ಕಿಂತ ಬಹುಪಾಲು ಹೆಚ್ಚಾಗಿ ನಡೆಯುತ್ತಿದ್ದುದು ಮಾತು. ತಂಗಿಯ ಮದುವೆಯ ಸಾಲ, ಶಿವಮೊಗ್ಗಕ್ಕೆ ಆಗಿರುವ ವರ್ಗಾವಣೆ, ಹುಡುಗಿ ನೋಡುವುದಕ್ಕೆ ಮನೆಯವರು ಹಿಡಿದಿರುವ ಹಟ, ಇವು ಆ ಬೆಂಚುಗಳ ನಿತ್ಯವಿಷಯಗಳು. ಪಬ್ಬಿನಲ್ಲಿ ಕೂರಬೇಕಾದರೆ ಜೇಬಿನಲ್ಲಿ ದುಡ್ಡಿರಬೇಕು. ಬೆಂಚಿಗೆ ಮಗ್ಗದವನೂ ಮೇಷ್ಟರೂ ಬರಬಹುದಾಗಿತ್ತು, ಬರುತ್ತಿದ್ದರು.

ನಿಜವಾದ ಹೆಸರನ್ನು ಅಲ್ಲಿ ಯಾರೂ ಹೇಳುತ್ತಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ. ಕೋತಿಗಳೆಂದು ತಮ್ಮನ್ನು ತಾವೇ ಕರೆದುಕೊಳ್ಳುವ ಸ್ತ್ರೀಸ್ವಭಾವದ ಗಂಡಸರಿಗೆ ಚಿತ್ರತಾರೆಯರ ಹೆಸರುಗಳೇ ಹೆಸರು. ‘ಶರಪಂಜರ’ ಚಿತ್ರ ಬಂದ ಕಾಲದಲ್ಲಿ ಅಲ್ಲಿ ಅದರ ನಾಯಕಿ ಕಲ್ಪನಾ ಒಬ್ಬಳಲ್ಲ, ಹಲವರಿದ್ದರು. ಅವರಲ್ಲಿ ಅತ್ಯಂತ ಸೊಗಸಾಗಿ ಸೆರಗಿಲ್ಲದ ಸೆರಗನ್ನು ಹೊದೆಯುತ್ತಿದ್ದಾತ ಹಗಲಿನಲ್ಲಿ ಬ್ಯಾಂಕಿನ ಗುಮಾಸ್ತ. ರಾಮನವಮಿಯ ದಿನಗಳಲ್ಲಿ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ, 1939ರಿಂದ ರಾಮಸೇವಾ ಮಂಡಳಿ ನಡೆಸಿಕೊಂಡು ಬಂದಿರುವ ಸಂಗೀತೋತ್ಸವದ ಚಪ್ಪರದಡಿ, ಹಿಂದಿನ ರಾತ್ರಿ ಒಂದೇ ಬೆಂಚಿನಲ್ಲಿ ಕುಳಿತಿದ್ದವರು ಸಂಸಾರಸಮೇತರಾಗಿ ಎದುರೆದುರು ಬಂದು, ಪರಿಚಯವೇ ಇಲ್ಲದವರಂತೆ ಮುಖ ತಿರುಗಿಸಿ, ಬೇರೆ ಬೇರೆ ಸಾಲುಗಳಲ್ಲಿ ಕುಳಿತು ಒಂದೇ ತೋಡಿಗೆ ತಲೆದೂಗಿದ್ದನ್ನು ನಾನು ಬಲ್ಲೆ. ಆ ಮೌನದಲ್ಲಿ ದ್ರೋಹವಿರಲಿಲ್ಲ. ಪರಸ್ಪರರ ಮನೆಯನ್ನು ಕಾಯುವ ಒಪ್ಪಂದವಿತ್ತು.

ಇನ್ನು ನಡಿಗೆ. ಬಸ್ಸು ತಪ್ಪಿದ ದಕ್ಷಿಣದವರೆಲ್ಲ ಕೂಡಿ ಹೊರಡುವೆವು. ಹಡ್ಸನ್ ವೃತ್ತ, ಕಾರ್ಪೊರೇಷನ್, ಪುರಭವನ, ಅಲ್ಲಿಂದ ಜೆ.ಸಿ. ರಸ್ತೆ. ಮಿನರ್ವಾ ವೃತ್ತದಲ್ಲಿ ಒಬ್ಬನು ಕಳಚಿಕೊಳ್ಳುವನು, ಸಜ್ಜನರಾವ್ ವೃತ್ತದಲ್ಲಿ ಮತ್ತೊಬ್ಬನು, ನ್ಯಾಷನಲ್ ಕಾಲೇಜಿನ ಬಳಿ ಇನ್ನೊಬ್ಬನು. ಗಾಂಧಿಬಜಾರು ದಾಟಿ ರಾಮಕೃಷ್ಣಾಶ್ರಮದ ಮುಂದೆ ಬರುವಾಗ ಉಳಿಯುವವರು ಗವಿಪುರದವರು ಮಾತ್ರ. ಹೊರಟಾಗ ಗಟ್ಟಿಯಾಗಿ ನಗುತ್ತ, ಕೈ ಬೀಸುತ್ತ, ಹೆಣ್ಣುಹೆಸರಿನಿಂದ ಕೂಗಿಕೊಳ್ಳುತ್ತ ಇದ್ದವರು ವೃತ್ತದಿಂದ ವೃತ್ತಕ್ಕೆ ದನಿ ತಗ್ಗಿಸುತ್ತ, ನಡಿಗೆ ಬಿಗಿಯುತ್ತ, ತಮ್ಮ ಬೀದಿ ಬರುವ ವೇಳೆಗೆ ಸಂಭಾವಿತ ಗೃಹಸ್ಥರಾಗಿಬಿಡುತ್ತಿದ್ದರು. ಆ ರಸ್ತೆಯ ಉದ್ದವನ್ನು ನಾನು ಅಳೆದದ್ದು ಆ ದನಿಗಳಿಂದ.

ಮೆಜೆಸ್ಟಿಕ್ಕಿನ ವಿಷಯವಾಗಿ ಹೆಚ್ಚು ಬರೆಯಲಾರೆ, ಅಲ್ಲಿಗೆ ನಾನು ಹೋದದ್ದು ವಿರಳ. ಧರ್ಮಾಂಬುಧಿ ಕೆರೆಯ ಒಡಲಲ್ಲಿ ಎದ್ದ ಬಸ್ ನಿಲ್ದಾಣ, ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳು ಸೆಕೆಂಡ್ ಷೋ ಬಿಟ್ಟಾಗ ಹೊರಬೀಳುತ್ತಿದ್ದ ಜನಸ್ತೋಮ, ಊರೂರಿಂದ ಬಂದು ಮುಂಜಾವಿನ ಬಸ್ಸಿಗೆ ಕಾಯುತ್ತಿದ್ದವರು, ಇವರ ನಡುವೆ ನಡೆಯುತ್ತಿದ್ದ ಬೇರೊಂದು ಲೋಕವದು. ಪಾರ್ಕಿಗಿಂತ ಬಡವರದು, ಪಾರ್ಕಿಗಿಂತ ಅಪಾಯದ್ದು.

ಕರಗದ ರಾತ್ರಿಯನ್ನು ಮಾತ್ರ ಬಿಡಲಾರೆ. ಚೈತ್ರ ಪೂರ್ಣಿಮೆಯಂದು ತಿಗಳರ ಪೇಟೆಯ ಧರ್ಮರಾಯಸ್ವಾಮಿ ದೇವಾಲಯದಿಂದ, ದ್ರೌಪದಿಯ ಶಕ್ತಿಯನ್ನು ಶಿರದಲ್ಲಿ ಹೊತ್ತು, ಸೀರೆಯುಟ್ಟು ಬಳೆ ತೊಟ್ಟು ಕುಂಕುಮವಿಟ್ಟ ಅರ್ಚಕನು ಖಡ್ಗಧಾರಿಗಳಾದ ವೀರಕುಮಾರರ ನಡುವೆ ಹೊರಟು, ಕಾಟನ್‌ಪೇಟೆಯ ತವಕ್ಕಲ್ ಮಸ್ತಾನರ ದರ್ಗಾಕ್ಕೂ ಹೋಗಿ ಬರುವ ಆ ರಾತ್ರಿ ಪೇಟೆಯಲ್ಲಿ ಯಾರೂ ಮಲಗುವುದಿಲ್ಲ. ಕರಗ ತಿಗಳರ ವ್ರತ. ಅದನ್ನು ನಮ್ಮ ಬಳಗದ ಹಬ್ಬವೆಂದು ಹೇಳಿಕೊಳ್ಳುವ ಧಾರ್ಷ್ಟ್ಯ ಸಲ್ಲದು. ಆದರೆ ವರ್ಷವಿಡೀ ಬಳೆಯ ಸದ್ದನ್ನು ಅಂಗಿಯ ತೋಳಿನೊಳಗೆ ಅಡಗಿಸಿಕೊಂಡವರು, ಹೆಣ್ಣಿನ ಅಲಂಕಾರದಲ್ಲಿರುವ ಒಬ್ಬ ಗಂಡಸಿಗೆ ಸಮಸ್ತ ನಗರವೂ ಮಲ್ಲಿಗೆ ಎರಚಿ ಕೈ ಮುಗಿಯುವುದನ್ನು ನೋಡಲು ಮುಂಜಾವದವರೆಗೆ ನಿಂತಿರುತ್ತಿದ್ದರೆಂಬುದು ನಾನು ಕಂಡ ಸಂಗತಿ. ಅವರು ಅಲ್ಲಿ ಹಿಂದೆ ಸರಿದು ನಿಲ್ಲುತ್ತಿರಲಿಲ್ಲ, ಮುಂದಿನ ಸಾಲಿನಲ್ಲಿ ನಿಲ್ಲುತ್ತಿದ್ದರು. ಇದೂ ರಾತ್ರಿಜೀವನವೇ, ಇದಕ್ಕೆ ಯಾವ ಸಮುದ್ರವನ್ನೂ ದಾಟಬೇಕಾಗಿರಲಿಲ್ಲ.

ಸಮುದ್ರದಾಚೆಯಿಂದ ಬಂದದ್ದು ಯಾವುದೆಂದು ಕೇಳಿದರೆ, ಅದು ಕಾನೂನು. ಸಲಿಂಗಕಾಮವನ್ನು ಅಪರಾಧವೆನಿಸಿದ, 1860ರ ದಂಡಸಂಹಿತೆಯ 377ನೆಯ ಕಲಮು ಇಂಗ್ಲಿಷರ ಕೊಡುಗೆ. ಅದರಡಿ ಮೊಕದ್ದಮೆ ನಡೆದು ಶಿಕ್ಷೆಯಾದದ್ದು ಅಪರೂಪ, ಹೆಸರು ಹೇಳಿ ಹೆದರಿಸಿ ಹಣ ಕಿತ್ತುಕೊಂಡದ್ದು ಅಗಣಿತ. ನಾಗರಿಕ ಸ್ವಾತಂತ್ರ್ಯಗಳಿಗಾಗಿ ದುಡಿಯುವ ಪಿ.ಯು.ಸಿ.ಎಲ್. ಸಂಸ್ಥೆಯ ಕರ್ನಾಟಕ ಶಾಖೆ 2001ರಲ್ಲಿ ಪ್ರಕಟಿಸಿದ ವರದಿ, ಮತ್ತೆ 2003ರಲ್ಲಿ ಹಿಜ್ರಾ ಹಾಗೂ ಕೋತಿ ಸಮುದಾಯಗಳ ವಿಷಯವಾಗಿ ಪ್ರಕಟಿಸಿದ ಇನ್ನೊಂದು ವರದಿ, ಈ ಊರಿನ ಉದ್ಯಾನ ಬೀದಿಗಳಲ್ಲಿ ನಡೆದ ಸುಲಿಗೆ ಹೊಡೆತಗಳನ್ನು ದಾಖಲಿಸಿವೆ. ರಾತ್ರಿಯ ಚರಿತ್ರೆ ಬರೆಯುವವರು ಮೊದಲು ಓದಬೇಕಾದ ಗ್ರಂಥಗಳು ಇವು.

ಇಲ್ಲ, ಮೊದಲು ಓದಬೇಕಾದದ್ದು ಇನ್ನೊಂದಿದೆ. ಅದರ ಕಡೆಗೆ ಲೇಖನಿ ತಾನಾಗಿ ತಿರುಗುತ್ತಿರುವುದರಿಂದ ತಡೆಯಲಾರೆ. 1929ರಲ್ಲಿ ನಮ್ಮ ಬೆಂಗಳೂರಿನಲ್ಲೇ ಸರ್ಕಸ್ ಕಲಾವಿದನ ಮಗಳಾಗಿ ಜನಿಸಿ, ಹದಿಮೂರು ಅಂಕೆಗಳ ಎರಡು ಸಂಖ್ಯೆಗಳನ್ನು 1980ರಲ್ಲಿ ಲಂಡನ್ನಿನಲ್ಲಿ 28 ಸೆಕೆಂಡುಗಳೊಳಗೆ ಗುಣಿಸಿ ತೋರಿಸಿದ ಶಕುಂತಲಾದೇವಿಯವರನ್ನು ಎಲ್ಲರೂ ಬಲ್ಲರು. ಅವರು 1977ರಲ್ಲಿ ‘ದಿ ವರ್ಲ್ಡ್ ಆಫ್ ಹೋಮೋಸೆಕ್ಷುಯಲ್ಸ್’ ಎಂಬ ಗ್ರಂಥವನ್ನು ಪ್ರಕಟಿಸಿದರೆಂಬುದನ್ನು ಬಲ್ಲವರು ಈಗಲೂ ಕೆಲವರೇ. ಈ ವಿಷಯದಲ್ಲಿ ಭಾರತದಲ್ಲಿ ಹೊರಬಂದ ಅಧ್ಯಯನಗಳಲ್ಲಿ ಅದು ಮೊದಮೊದಲಿನದು. ಇಬ್ಬರು ಭಾರತೀಯ ಯುವಕರೊಡನೆ ಅವರು ನಡೆಸಿದ ಸಂಭಾಷಣೆ, ಕೆನಡಾದಲ್ಲಿ ಕಾನೂನುಬದ್ಧ ವಿವಾಹಕ್ಕಾಗಿ ಹೋರಾಡುತ್ತಿದ್ದ ಗಂಡಸರ ಜೋಡಿಯೊಡನೆ ನಡೆಸಿದ ಸಂಭಾಷಣೆ, ದೇವಾಲಯದ ಅರ್ಚಕರೊಬ್ಬರ ಅಭಿಪ್ರಾಯ, ಇವುಗಳನ್ನೆಲ್ಲ ಅಲ್ಲಿ ಕಾಣಬಹುದು. ಅಂಕೆಗಳ ಲೋಕದ ಈ ಮಹಿಳೆ ಮನುಷ್ಯರನ್ನು ಎಣಿಸಹೊರಡಲಿಲ್ಲ, ಕುಳಿತು ಕೇಳಿದರು. ಕೇಳಿದ ಮೇಲೆ, ಇದು ಅಪರಾಧವಲ್ಲವೆಂದು ಕಾನೂನು ತಿದ್ದಬೇಕೆಂದೂ, ಸಮಾಜವು ಕನಿಕರ ತೋರುವುದರಲ್ಲಿ ನಿಲ್ಲದೆ ಇವರನ್ನು ನಿಶ್ಶೇಷವಾಗಿ ತನ್ನವರೆಂದು ಅಂಗೀಕರಿಸಬೇಕೆಂದೂ ನಿರ್ಭಯವಾಗಿ ವಾದಿಸಿದರು. ಸರ್ವೋಚ್ಚ ನ್ಯಾಯಾಲಯ ಇದು ಅಪರಾಧವಲ್ಲವೆಂಬ ತೀರ್ಮಾನಕ್ಕೆ ಬಂದದ್ದು 2018ರ ಸೆಪ್ಟೆಂಬರ್ 6ರಂದು; ಶಕುಂತಲಾದೇವಿಯವರು ತೀರಿಕೊಂಡದ್ದು 2013ರ ಏಪ್ರಿಲಿನಲ್ಲಿ. ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಯಲ್ಲಿ ನನಗೆ ದೊರೆತ ಪ್ರತಿಗೆ ವರ್ತಮಾನಪತ್ರಿಕೆಯ ಹೊದಿಕೆ ಹಾಕಿ ಬಳಗದವರಿಗೆ ಕೊಟ್ಟೆ. ಪಾರ್ಕಿನ ಬೆಂಚಿನಿಂದ ಬೆಂಚಿಗೆ ಸಾಗುತ್ತ, ಇಂಗ್ಲಿಷ್ ಬಾರದವರಿಗೆ ಬಲ್ಲವರು ದೀಪದ ಕಂಬದಡಿ ಅರ್ಥ ಹೇಳುತ್ತ, ಅದು ಎಷ್ಟೋ ಕೈಗಳನ್ನು ದಾಟಿತು. ಅದು ಮರಳಿ ಬರಲಿಲ್ಲ. ಬರಬೇಕೆಂದು ನಾನು ಬಯಸಲೂ ಇಲ್ಲ. ಕನ್ನಡಿಗರಿಗೆ ಕನ್ನಡದಲ್ಲೇ ಈ ಬಾಳಿನ ಕಥೆ ಸಿಗುವಂತಾಗಲು ವಸುಧೇಂದ್ರರ ‘ಮೋಹನಸ್ವಾಮಿ’ ಕಥಾಸಂಕಲನ ಬರುವವರೆಗೆ, ಎಂದರೆ 2013ರವರೆಗೆ, ಕಾಯಬೇಕಾಯಿತು.

ಈ ರಾತ್ರಿಗಳ ಒಂದು ಕೊರತೆಯನ್ನು ಹೇಳದಿದ್ದರೆ ಸಾಕ್ಷ್ಯ ಅಪೂರ್ಣವಾಗುತ್ತದೆ. ಹೆಣ್ಣನ್ನು ಪ್ರೀತಿಸುವ ಹೆಣ್ಣುಮಕ್ಕಳಿಗೆ ಅಲ್ಲಿ ಎಡೆಯಿರಲಿಲ್ಲ. ಕತ್ತಲಾದ ಮೇಲಿನ ಬೀದಿಯನ್ನು ಗಂಡಸರಿಗೆ ಬರೆದುಕೊಟ್ಟಿದ್ದ ಊರಿನಲ್ಲಿ ಅವರ ಭೇಟಿಗಳು ನಡೆದದ್ದು ಹಾಸ್ಟೆಲಿನ ಕೋಣೆಗಳಲ್ಲಿ, ನೆಂಟರ ಮನೆಯ ಅಟ್ಟಗಳಲ್ಲಿ. ಆ ಚರಿತ್ರೆಯನ್ನು ಬರೆಯಬೇಕಾದವರು ಅವರೇ.

ಕಾಲಕ್ರಮವನ್ನೂ ಉಪನ್ಯಾಸಕರಿಗೆ ನೆನಪಿಸಬೇಕಾಗಿದೆ. ಗುರುವಾರ ಗುರುವಾರ ಕೂಡುತ್ತಿದ್ದ ಸಲಿಂಗಪ್ರೇಮಿಗಳ ‘ಗುಡ್ ಆ್ಯಸ್ ಯೂ’ ಬಳಗ ಈ ಊರಿನಲ್ಲಿ ಹುಟ್ಟಿದ್ದು 1994ರಲ್ಲಿ, ‘ಸಂಗಮ’ ಸಂಸ್ಥೆ 1999ರಲ್ಲಿ. ಅವುಗಳಿಗೆ ಬಂದ ಹಿರಿಯರಲ್ಲಿ ಬಹುಮಂದಿ ಪಾರ್ಕಿನ ಬೆಂಚುಗಳಿಂದ ಎದ್ದು ಬಂದವರು. 2008ರ ಜೂನ್ ತಿಂಗಳ ಕೊನೆಯ ಭಾನುವಾರ ಬೆಂಗಳೂರಿನ ಮೊದಲ ಸ್ವಾಭಿಮಾನ ಮೆರವಣಿಗೆ ಹೊರಟದ್ದು ಬಸವನಗುಡಿಯ ನ್ಯಾಷನಲ್ ಕಾಲೇಜಿನಿಂದ, ಸೇರಿದ್ದು ಪುರಭವನಕ್ಕೆ. ನಾವು ರಾತ್ರಿ ದನಿ ತಗ್ಗಿಸುತ್ತ ಬಂದ ರಸ್ತೆಯಲ್ಲಿ ಅವರು ಹಗಲು ಬೆಳಕಿನಲ್ಲಿ ತಮಟೆ ಬಾರಿಸುತ್ತ ಎದುರುದಿಕ್ಕಿಗೆ ನಡೆದರು. ಕೆಲವರು ಮುಖವಾಡ ಧರಿಸಿದ್ದರು, ಹಲವರು ಧರಿಸಿರಲಿಲ್ಲ. ಪಾರಂಪರಿಕ ನಡಿಗೆಯೆಂದು ಕರೆಯಬೇಕಾದದ್ದು ನನ್ನ ಮತದಲ್ಲಿ ಇದನ್ನು.

ಡಿ.ವಿ.ಜಿ.ಯವರು ‘ಜ್ಞಾಪಕ ಚಿತ್ರಶಾಲೆ’ಯ ಸಂಪುಟಗಳಲ್ಲಿ ಕಲೋಪಾಸಕರನ್ನೂ ದಿವಾನರನ್ನೂ ವೈದಿಕ ಸಂಪ್ರದಾಯಸ್ಥರನ್ನೂ ಮರೆವಿನಿಂದ ಉಳಿಸಿಕೊಟ್ಟರು. ಬ್ಯಾಂಡ್‌ಸ್ಟ್ಯಾಂಡಿನ ಕಲ್ಪನೆಯರಿಗೆ ಅಂಥ ಚಿತ್ರಕಾರರು ದೊರೆಯಲಿಲ್ಲ. ಈಗ ಪಾರ್ಕಿಗೆ ಬೇಲಿ ಬಂದಿದೆ, ರಾತ್ರಿ ಗೇಟು ಮುಚ್ಚುತ್ತದೆ, ಯುವಕರ ಭೇಟಿ ಕೈಯಲ್ಲಿರುವ ಫೋನಿನೊಳಗೆ ನಡೆಯುತ್ತದೆ. ಬೆಂಚುಗಳನ್ನು ಕಂಡವರು ಒಬ್ಬೊಬ್ಬರಾಗಿ ಅಗಲುತ್ತಿದ್ದಾರೆ. ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ‘ಕಮ್ರಾ’ ಎಂಬ ದಾಖಲಾಲಯವಿದೆ. ನಮ್ಮ ಸಮುದಾಯಗಳ ಪತ್ರ, ಚಿತ್ರ, ಧ್ವನಿಮುದ್ರಿಕೆಗಳನ್ನು ಕಾಪಿಡುವುದೇ ಅದರ ಕೆಲಸ. ಹಳೆಯ ಟ್ರಂಕಿನ ತಳದಲ್ಲಿ ಒಂದು ಕಾಗದವನ್ನೋ ಒಂದು ಭಾವಚಿತ್ರವನ್ನೋ ಬಚ್ಚಿಟ್ಟಿರುವ ಸಮವಯಸ್ಕರೇ, ಅದನ್ನು ಸುಡಬೇಡಿರಿ, ಮಕ್ಕಳ ಕಣ್ಣಿಗೆ ಬೀಳುವುದೆಂದು ಹರಿಯಬೇಡಿರಿ. ಹೆಸರು ಹೇಳಲು ಇಷ್ಟವಿಲ್ಲದಿದ್ದರೆ ಹೇಳಬೇಡಿರಿ. ಯಾವ ವರ್ಷ, ಯಾವ ಬೆಂಚು, ಯಾವ ವೃತ್ತದವರೆಗೆ ಕೂಡಿ ನಡೆದಿರಿ ಎಂಬಷ್ಟನ್ನಾದರೂ ಒಂದು ಹಾಳೆಯಲ್ಲಿ ಬರೆದು ಅಲ್ಲಿಗೆ ತಲಪಿಸಿರಿ.