ಬಯಲುಸೀಮೆಯ ಬೆಳೆಪಟ್ಟಿಯಲ್ಲಿ ಹುಣಸೆ ಎಲ್ಲಿ?

ಕೋಲಾರ ಜಿಲ್ಲೆ ಎಂದರೆ ಟೊಮೇಟೊ, ಮಾವು ಎಂಬ ಮಾತು ನಮ್ಮಲ್ಲಿ ಬೇರೂರಿಬಿಟ್ಟಿದೆ. ಕೋಲಾರದ ಎಪಿಎಂಸಿ ಮಂಡಿ, ಶ್ರೀನಿವಾಸಪುರದ ಮಾವಿನ ತೋಪು, ಎರಡೂ ಹೆಮ್ಮೆಯ ವಿಷಯವೇ. ಹುಣಸೆಯ ಮಾತು ಬಂದಾಗ ಮಾತ್ರ ಸ್ವರ ಬದಲಾಗುತ್ತದೆ: ತಾನಾಗಿ ಹುಟ್ಟಿದ ಕಾಡುಮರ, ಅದರ ನೆರಳಲ್ಲಿ ಏನೂ ಬೆಳೆಯುವುದಿಲ್ಲ, ರಾತ್ರಿ ಅದರಡಿ ಮಲಗಬಾರದು. ಈ ತಾತ್ಸಾರವನ್ನು ನಾನು ಒಪ್ಪುವುದಿಲ್ಲ. ಈ ಒಣನೆಲಕ್ಕೆ ಹುಣಸೆಯಷ್ಟು ಹೊಂದಿಕೊಂಡ ಆಹಾರದ ಮರ ಇನ್ನೊಂದಿಲ್ಲ.

ಮುಳಬಾಗಿಲಿನಿಂದ ಹತ್ತು ಕಿಲೋಮೀಟರು ದೂರದ ಕುರುಡುಮಲೆಗೆ ಜನ ಬರುವುದು ಎತ್ತರದ ಏಕಶಿಲೆಯ ಗಣಪತಿಯನ್ನೂ ಸೋಮೇಶ್ವರನ ಗುಡಿಯನ್ನೂ ನೋಡಲು. ಸುತ್ತಲೂ ಬಂಡೆಗುಡ್ಡ, ಕೆಂಪು ನೆಲ. ವರ್ಷಪೂರ್ತಿ ಹರಿಯುವ ನದಿ ಇಡೀ ಜಿಲ್ಲೆಯಲ್ಲೇ ಇಲ್ಲ. ಸಾವಿರ ಅಡಿ ಕೊರೆಸಿದರೂ ನೀರು ಬರುತ್ತದೆಂಬ ನೆಚ್ಚಿಕೆಯಿಲ್ಲ. ಇಂಥಲ್ಲಿ ಟೊಮೇಟೊಗೆ ಕೊಳವೆಬಾವಿ ಬೇಕು, ಡ್ರಿಪ್ ಬೇಕು, ಕಡ್ಡಿ ಬೇಕು, ವಾರವಾರ ಔಷಧಿ ಬೇಕು. ಕಿತ್ತ ಮೇಲೆ ಕೆಲವೇ ದಿನಗಳಲ್ಲಿ ಮಾರದಿದ್ದರೆ ಎಲ್ಲವೂ ಮಣ್ಣುಪಾಲು. 2023ರ ಜುಲೈನಲ್ಲಿ 15 ಕೆಜಿಯ ಬಾಕ್ಸ್ 2,000 ರೂಪಾಯಿ ದಾಟಿದ್ದನ್ನು ಎಲ್ಲರೂ ನೆನೆಯುತ್ತಾರೆ. ಕೂಲಿಯೂ ಹುಟ್ಟದೆ ರಸ್ತೆಗೆ ಸುರಿದ ವರ್ಷಗಳನ್ನು ಮರೆಯುತ್ತಾರೆ. ಹುಣಸೆ ಹಾಗಲ್ಲ. ಬೀಜ ಬಿಡಿಸಿ, ಉಪ್ಪು ಬೆರೆಸಿ ಗಡಿಗೆಗೆ ಒತ್ತಿಟ್ಟರೆ ವರ್ಷ ಕಳೆದರೂ ಬಣ್ಣ ಕಪ್ಪಾದೀತೇ ಹೊರತು ಹುಳಿ ಕೆಡುವುದಿಲ್ಲ. ಬೆಲೆಗಾಗಿ ಕಾಯುವ ಶಕ್ತಿಯನ್ನು ರೈತನಿಗೆ ಕೊಡುವ ಹಣ್ಣು ಇದು.

ಇದು ಅಪ್ಪಟ ನಮ್ಮ ನೆಲದ ಮರ ಎಂದು ಹೊಗಳುವವರ ಮಾತೂ ಸರಿಯಲ್ಲ. ಹುಣಸೆಯ ತವರು ಆಫ್ರಿಕಾ. ರಾಗಿಯ ತವರೂ ಅದೇ. ಸಾವಿರಾರು ವರ್ಷಗಳ ಹಿಂದೆಯೇ ಬಂದು ನಮ್ಮವಾದವು. ಉತ್ತರ ನೈಜೀರಿಯಾದಲ್ಲಿ ಇಂದಿಗೂ ಸಿರಿಧಾನ್ಯದ ಗಂಜಿಗೆ ಹುಣಸೆರಸ ಬೆರೆಸಿ ಕುಡಿಯುತ್ತಾರೆ. ನಾವು ಮುದ್ದೆಯನ್ನು ಹುಣಸೆ ಹಿಂಡಿದ ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಮಳೆ ಕಡಿಮೆಯಾದ ಎರಡು ಸೀಮೆಗಳು ಒಂದೇ ಬಗೆಯ ಊಟಕ್ಕೆ ಬಂದು ನಿಂತದ್ದು ನನಗೆ ಆಕಸ್ಮಿಕವೆನಿಸುವುದಿಲ್ಲ.

ಹುಣಸೆಯನ್ನು ಬರೀ ಹುಳಿ ಎಂದುಕೊಂಡವರು ಅದರ ವರ್ಷವನ್ನು ಗಮನಿಸಿಲ್ಲ. ಬೇಸಿಗೆಯ ಚಿಗುರನ್ನು ಕೈಯಲ್ಲೇ ಹೊಸಕಿ ಕಡ್ಡಿ ಬೇರ್ಪಡಿಸಿ, ತೊಗರಿಬೇಳೆಯೊಂದಿಗೆ ಬೇಯಿಸುತ್ತಾರೆ. ಮುಳಬಾಗಿಲಿನ ತೆಲುಗು ಮಾತಿನ ಮನೆಗಳಲ್ಲಿ ಅದೇ ಚಿಂತಚಿಗುರು ಪಪ್ಪು. ಬೀಜ ಬಲಿಯದ ಕಾಯನ್ನು ಹಸಿಮೆಣಸಿನಕಾಯಿ, ಉಪ್ಪು, ಅರಿಸಿನ ಹಾಕಿ ಕುಟ್ಟಿದರೆ ತೊಕ್ಕು. ದೋರೆಗಾಯಿಗೆ ಮಕ್ಕಳ ಮುತ್ತಿಗೆ. ಹುರಿದ ಬೀಜ ಬರದ ಕಾಲದಲ್ಲಿ ಹೊಟ್ಟೆಗಾಗಿದೆ. ಅದೇ ಬೀಜದ ಹಿಟ್ಟು ಗಿರಣಿಗಳಲ್ಲಿ ನೂಲಿಗೆ ಗಂಜಿಯಾಗುತ್ತದೆ. ಇಷ್ಟು ಕೊಟ್ಟ ಮರಕ್ಕೆ ನೀರು ಹೊತ್ತವರು ಯಾರೂ ಇಲ್ಲ.

ಆಕ್ಷೇಪಗಳಲ್ಲಿ ಹುರುಳಿಲ್ಲವೆಂದು ಹೇಳಲಾರೆ. ದಟ್ಟ ನೆರಳಿನಡಿ ರಾಗಿ ಸೊರಗುವುದು ನಿಜ. ಆದರೆ ಬದುವಿನಂಚಿಗೆ, ಬಂಡೆ ಪಕ್ಕಕ್ಕೆ ರಾಗಿ ಹೇಗೂ ಬರುವುದಿಲ್ಲ. ಹುಣಸೆ ಒಂದು ವರ್ಷ ತುಂಬಿ ಬಿಟ್ಟರೆ ಮರುವರ್ಷ ಕೈಕೊಡುತ್ತದೆ, ಅದೂ ನಿಜ. ದೊಡ್ಡ ಮರ ಹತ್ತಿ ಗಳದಿಂದ ಬಡಿಯುವಾಗ ಬಿದ್ದು ಸೊಂಟ ಮುರಿದುಕೊಂಡವರಿದ್ದಾರೆ. ಇನ್ನು ಬಿಡಿಸುವ ಕೆಲಸ: ಹೆಂಗಸರು ಜಗುಲಿಯಲ್ಲಿ ಕೂತು ಕಲ್ಲಿನ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ತಟ್ಟಿ, ನಾರು ಎಳೆದು, ಬೀಜ ತೆಗೆಯುತ್ತಾರೆ. ಸಂಜೆಗೆ ಬೆರಳ ತುದಿ ಹುಳಿ ತಿಂದು ಬಿರಿದಿರುತ್ತದೆ. ಕೂಲಿ ಕಿಲೋ ಲೆಕ್ಕದಲ್ಲಿ, ಅದೂ ಅಲ್ಪ. ದೂರಬೇಕಾದದ್ದು ಈ ಕೂಲಿಯನ್ನು, ಮರವನ್ನಲ್ಲ.

ಇವಕ್ಕೆ ಪರಿಹಾರ ಇಲ್ಲದಿಲ್ಲ. ತಮಿಳುನಾಡಿನ ಪೆರಿಯಕುಳಂನ ಪಿಕೆಎಂ-1 ತಳಿಯಂಥ ಕಸಿ ಗಿಡಗಳು ಬೇಗ ಫಲಕ್ಕೆ ಬರುತ್ತವೆ. ಸವರಿ ಗಿಡ್ಡವಾಗಿ ಬೆಳೆಸಿದರೆ ಎತ್ತರಕ್ಕೆ ಹತ್ತುವ ಅಪಾಯವೂ ತಗ್ಗುತ್ತದೆ. ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಸಂತೋಷವೇ. ಆದರೆ ಒಂದು ತೋಪನ್ನು ಪರಂಪರೆಯೆಂದು ಕಾಯ್ದು, ರಸ್ತೆ ಅಗಲ ಮಾಡುವಾಗ ಹುಣಸೆಯ ಸಾಲುಮರಗಳನ್ನು ಸೌದೆಯ ಲೆಕ್ಕದಲ್ಲಿ ಉರುಳಿಸುವುದು ಯಾವ ನ್ಯಾಯ? ಸಾಲುಮರದ ಫಸಲನ್ನು ವರ್ಷವರ್ಷ ಹರಾಜು ಹಾಕುವಾಗ ಆ ಹಣದ ಒಂದು ಪಾಲು ಹೊಸ ಕಸಿ ಗಿಡಕ್ಕೆ ಹೋಗಬೇಕು. ಹರಾಜಿನಲ್ಲಿ ಮೊದಲ ಅವಕಾಶ, ಬೆರಳು ಬಿರಿಯುವಂತೆ ಬೀಜ ಬಿಡಿಸುವ ಊರಿನ ಹೆಂಗಸರ ಸಂಘಗಳಿಗೇ ಸಿಗಬೇಕು.