ಪಾಲಿಕೆಯ ಲೆಕ್ಕದಲ್ಲಿ ಹಳೆಯ ಕಟ್ಟಡ: ಮೈಸೂರಿನ ಎರಡು ಮಾರುಕಟ್ಟೆಗಳನ್ನು ಕುರಿತ ವಿಮರ್ಶೆ

ಮೈಸೂರಿನ ವಾಸ್ತುಪರಂಪರೆಯನ್ನು ಕುರಿತ ಬರಹಗಳು ಸಾಮಾನ್ಯವಾಗಿ ಅರಮನೆಯಿಂದ ಆರಂಭವಾಗಿ ಅರಮನೆಯಲ್ಲಿಯೇ ಮುಗಿಯುತ್ತವೆ. 1897ರ ಬೆಂಕಿಯಲ್ಲಿ ಹಳೆಯ ಅರಮನೆ ಸುಟ್ಟುಹೋದುದು, ಹೆನ್ರಿ ಇರ್ವಿನ್ನನ ವಿನ್ಯಾಸದಲ್ಲಿ ಇಂದಿನ ಅರಮನೆ 1912ರಲ್ಲಿ ಪೂರ್ಣಗೊಂಡುದು, ಅದರ ಗುಮ್ಮಟ ಮತ್ತು ಕಮಾನುಗಳ ಸಮ್ಮಿಶ್ರ ಶೈಲಿ ಇವೆಲ್ಲ ಸಾಕಷ್ಟು ಚರ್ಚೆಗೊಳಗಾಗಿವೆ. ಇದೇ ಕಾಲಘಟ್ಟದಲ್ಲಿ ಅರಮನೆಯ ಕೂಗಳತೆಯ ದೂರದಲ್ಲಿ ಎದ್ದುನಿಂತ ಪೇಟೆಯ ಕಟ್ಟಡಗಳಿಗೆ ಮಾತ್ರ ಅಂತಹ ಭಾಗ್ಯ ಒದಗಲಿಲ್ಲ. ಅವುಗಳನ್ನು ಕಟ್ಟಿಸಿದವರು ದೊರೆಗಳಾದರೂ ಅವು ದೊರೆಗಳ ವಾಸಕ್ಕಾಗಿ ಕಟ್ಟಿದವುಗಳಲ್ಲ. ಹೂವು, ಹಣ್ಣು, ವೀಳ್ಯದೆಲೆ ಮಾರುವವರಿಗೂ ಕೊಳ್ಳುವವರಿಗೂ ನೆರಳು ಕಲ್ಪಿಸುವುದು ಅವುಗಳ ಉದ್ದೇಶವಾಗಿತ್ತು. ಕಾಲಾಂತರದಲ್ಲಿ ಅವು ನಗರದ ಸ್ಥಳೀಯ ಸಂಸ್ಥೆಯ ಸ್ವತ್ತಾದವು. ಅಂತಹ ಎರಡು ಕಟ್ಟಡಗಳಾದ ದೇವರಾಜ ಮಾರುಕಟ್ಟೆ ಮತ್ತು ಲ್ಯಾನ್ಸ್‌ಡೌನ್ ಕಟ್ಟಡಗಳ ಇತ್ತೀಚಿನ ಗತಿಯನ್ನು ಪರಿಶೀಲಿಸಿದರೆ, ಸ್ಥಳೀಯ ಸಂಸ್ಥೆಯೊಂದರ ಕಾರ್ಯಕ್ಷಮತೆ ಎಂದರೇನು, ಅದನ್ನು ಯಾವುದರಿಂದ ಅಳೆಯಲಾಗುತ್ತಿದೆ ಎಂಬ ಪ್ರಶ್ನೆ ತಾನಾಗಿಯೇ ಎದುರಾಗುತ್ತದೆ.

ದೇವರಾಜ ಮಾರುಕಟ್ಟೆಯು ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ ಆರಂಭಗೊಂಡು, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಹಂತ ಹಂತವಾಗಿ ಬೆಳೆದುದು. ಸಯ್ಯಾಜಿರಾವ್ ರಸ್ತೆಯ ಉದ್ದಕ್ಕೂ, ಉತ್ತರಕ್ಕೆ ಧನ್ವಂತರಿ ರಸ್ತೆಯಿಂದ ದಕ್ಷಿಣಕ್ಕೆ ಚಿಕ್ಕಗಡಿಯಾರದವರೆಗೆ ಅದು ಹರಡಿಕೊಂಡಿದೆ. ರಸ್ತೆಗೆ ಮುಖಮಾಡಿದ ಅಂಗಡಿಗಳ ಸಾಲು, ಒಳಗೆ ಕಂಬಸಾಲಿನ ಪಡಸಾಲೆಗಳು, ನಡುವೆ ಬಯಲು ಅಂಗಳಗಳು ಇವು ಅದರ ಸ್ಥೂಲ ವಿನ್ಯಾಸ. ಲ್ಯಾನ್ಸ್‌ಡೌನ್ ಕಟ್ಟಡವು ವೈಸ್‌ರಾಯ್ ಲಾರ್ಡ್ ಲ್ಯಾನ್ಸ್‌ಡೌನ್ ಮೈಸೂರಿಗೆ ಭೇಟಿ ನೀಡಿದುದರ ನೆನಪಿಗಾಗಿ 1892ರಲ್ಲಿ ನಿರ್ಮಾಣಗೊಂಡ ಎರಡು ಅಂತಸ್ತಿನ ಉದ್ದನೆಯ ಅಂಗಡಿಸಾಲು. ಹಳೆಯ ಪುಸ್ತಕಗಳ ಮಾರಾಟಕ್ಕೆ ಅದು ಹೆಸರಾಗಿತ್ತು. ಮೈಸೂರಿನಲ್ಲಿ ಓದಿದ ಹಲವು ತಲೆಮಾರಿನ ವಿದ್ಯಾರ್ಥಿಗಳಿಗೆ ಆ ಹೆಸರು ಕಟ್ಟಡಕ್ಕಿಂತ ಪುಸ್ತಕಗಳ ರಾಶಿಯನ್ನೇ ಮೊದಲು ನೆನಪಿಗೆ ತರುತ್ತದೆ.

2012ರ ಆಗಸ್ಟ್ ತಿಂಗಳಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಮೃತಪಟ್ಟರು. ಅಂಗಡಿಗಳನ್ನು ತೆರವುಗೊಳಿಸಲಾಯಿತು. ಸರಿಯಾಗಿ ನಾಲ್ಕು ವರ್ಷಗಳ ತರುವಾಯ, 2016ರ ಆಗಸ್ಟ್ ತಿಂಗಳಲ್ಲಿ, ದೇವರಾಜ ಮಾರುಕಟ್ಟೆಯ ಧನ್ವಂತರಿ ರಸ್ತೆಯ ಕಡೆಯ ಭಾಗ ಬಿದ್ದುಹೋಯಿತು. ಆಗ ಅಲ್ಲಿ ದುರಸ್ತಿಕಾರ್ಯ ನಡೆಯುತ್ತಿತ್ತು ಎಂಬುದು ಗಮನಿಸಬೇಕಾದ ಸಂಗತಿ. ಜೀವಹಾನಿಯಾಗಲಿಲ್ಲ. ಈ ಎರಡು ಘಟನೆಗಳ ನಡುವಿನ ಅವಧಿಯಲ್ಲಿಯೇ ಮೈಸೂರು ಇನ್ನೊಂದು ಕಾರಣಕ್ಕಾಗಿ ದೇಶದ ಗಮನ ಸೆಳೆಯಿತು. 2015ರಲ್ಲಿ 476 ನಗರಗಳ ಪಟ್ಟಿಯಲ್ಲಿಯೂ, 2016ರ ಫೆಬ್ರವರಿಯಲ್ಲಿ ಪ್ರಕಟವಾದ 73 ನಗರಗಳ ಸ್ವಚ್ಛ ಸರ್ವೇಕ್ಷಣೆಯಲ್ಲಿಯೂ ಅದು ದೇಶದ ಅತ್ಯಂತ ಸ್ವಚ್ಛ ನಗರವೆಂಬ ಮೊದಲ ಸ್ಥಾನ ಪಡೆಯಿತು. ಎರಡನೆಯ ಪ್ರಶಸ್ತಿಗೂ ಮಾರುಕಟ್ಟೆಯ ಕುಸಿತಕ್ಕೂ ಇರುವ ಅಂತರ ಕೇವಲ ಆರು ತಿಂಗಳು.

ಈ ಕಾಕತಾಳೀಯವನ್ನು ವ್ಯಂಗ್ಯಕ್ಕೆ ಬಳಸಿಕೊಳ್ಳುವುದು ಸುಲಭ. ಆದರೆ ಅದು ನ್ಯಾಯವಲ್ಲ. ಕಸ ವಿಲೇವಾರಿಯಲ್ಲಿ ಮೈಸೂರು ಪಾಲಿಕೆ ತೋರಿದ ದಕ್ಷತೆ ನಿಜವಾದದ್ದು, ಅದರ ಪೌರಕಾರ್ಮಿಕರ ದುಡಿಮೆ ಅದಕ್ಕಿಂತ ನಿಜವಾದದ್ದು. ಪ್ರಶ್ನೆ ಇರುವುದು ಅಳತೆಗೋಲಿನಲ್ಲಿ. ಪ್ರತಿದಿನ ಬೆಳಿಗ್ಗೆ ಕಾಣುವ ಕೆಲಸ ಅಳತೆಗೆ ಸಿಗುತ್ತದೆ; ಮೂವತ್ತು ವರ್ಷ ಕಾಣದೆ ಒಂದು ದಿನ ಕಾಣುವ ಕೆಲಸ ಸಿಗುವುದಿಲ್ಲ. ತಾರಸಿಯ ಮೇಲೆ ಚಿಗುರಿದ ಅರಳಿ ಸಸಿಯನ್ನು ಕಿತ್ತುಹಾಕಿದ್ದಕ್ಕೆ ಯಾವ ಸರ್ವೇಕ್ಷಣೆಯೂ ಅಂಕ ಕೊಡುವುದಿಲ್ಲ.

ಅರಳಿ ಸಸಿಯ ಮಾತು ಇಲ್ಲಿ ಅಲಂಕಾರಕ್ಕಾಗಿ ಬಂದುದಲ್ಲ. ಆ ಕಾಲದ ಮೈಸೂರಿನ ನಾಗರಿಕ ಕಟ್ಟಡಗಳಲ್ಲಿ ಹೆಚ್ಚಿನವು ಇಟ್ಟಿಗೆ ಮತ್ತು ಸುಣ್ಣದ ಗಾರೆಯ ಗೋಡೆಗಳ ಮೇಲೆ ಮದ್ರಾಸ್ ತಾರಸಿ ಹೊದ್ದವು. ಗೋಡೆಯಿಂದ ಗೋಡೆಗೆ ಮರದ ತೊಲೆಗಳನ್ನು ಹಾಸಿ, ಅವುಗಳ ಮೇಲೆ ತೆಳುವಾದ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಗಾರೆಯಲ್ಲಿ ಕೂರಿಸಿ, ಮೇಲೆ ಜಲ್ಲಿ ಬೆರೆತ ಸುಣ್ಣದ ಪದರವನ್ನು ಬಡಿದು ಗಟ್ಟಿಗೊಳಿಸುವುದು ಅದರ ಕ್ರಮ. ಒಣಗಿರುವವರೆಗೆ ಇಂತಹ ಮಾಡು ನೂರು ವರ್ಷ ನಿಲ್ಲಬಲ್ಲದು. ಒಮ್ಮೆ ನೀರು ಇಳಿಯಲಾರಂಭಿಸಿದರೆ ಮೊದಲು ಕೊಳೆಯುವುದು ಗೋಡೆಯೊಳಗೆ ಹುದುಗಿರುವ ತೊಲೆಯ ತುದಿ, ಅಂದರೆ ಯಾರ ಕಣ್ಣಿಗೂ ಬೀಳದ ಭಾಗ. ಮಳೆನೀರಿನ ದೋಣಿ ಕಟ್ಟಿಕೊಳ್ಳುವುದು, ಬಿರುಕಿನಲ್ಲಿ ಬೇರು ಇಳಿಯುವುದು, ಸೋರಿಕೆ ನಿಲ್ಲಿಸಲೆಂದು ಹಳೆಯ ಪದರದ ಮೇಲೆಯೇ ಸಿಮೆಂಟು ಬಳಿದು ತೂಕ ಹೆಚ್ಚಿಸುವುದು, ಸಿಮೆಂಟಿನ ಗಿಲಾವು ಗೋಡೆಯ ತೇವವನ್ನು ಹೊರಬಿಡದೆ ಹಿಡಿದಿಡುವುದು ಇವೆಲ್ಲ ಇಂತಹ ಕಟ್ಟಡಗಳ ಪರಿಚಿತ ರೋಗಗಳು. ಇವುಗಳ ಮದ್ದು ದುಬಾರಿಯಲ್ಲ. ಮಳೆಗಾಲಕ್ಕೆ ಮುಂಚೆ ಒಬ್ಬ ಗಾರೆಯವನು, ಒಬ್ಬ ಬಡಗಿ, ಏಣಿ ಮತ್ತು ಸುಣ್ಣ ಇದ್ದರೆ ಸಾಕು. ಆದರೆ ಅದು ಪ್ರತಿವರ್ಷವೂ ಆಗಬೇಕು. ಒಂದು ವರ್ಷದ ಚಿಕ್ಕ ವೆಚ್ಚಕ್ಕೆ ಶಂಕುಸ್ಥಾಪನೆಯ ಫಲಕ ಇರುವುದಿಲ್ಲ, ದೊಡ್ಡ ಯೋಜನೆಗೆ ಇರುತ್ತದೆ. ಸಯ್ಯಾಜಿರಾವ್ ರಸ್ತೆ ಜಂಬೂಸವಾರಿಯ ಹಾದಿಯಾದುದರಿಂದ ಅದರ ಇಕ್ಕೆಲಗಳ ಮುಂಭಾಗಗಳಿಗೆ ದಸರೆಯ ಹೊತ್ತಿಗೆ ದೀಪಾಲಂಕಾರದ ಭಾಗ್ಯವುಂಟು. ಹಿಂಭಾಗದ ಮಾಡಿಗೆ ಅಂತಹ ಹಬ್ಬವಿಲ್ಲ.

ಲೆಕ್ಕಪತ್ರದ ಭಾಷೆಯಲ್ಲಿಯೂ ಇದೇ ಉಪೇಕ್ಷೆ ಅಡಗಿದೆ. 2004ರ ರಾಷ್ಟ್ರೀಯ ಪೌರಾಡಳಿತ ಲೆಕ್ಕಪತ್ರ ಕೈಪಿಡಿಯ ಪ್ರಕಾರ, ಬೆಲೆ ತೆರದೆ ಸಂಸ್ಥೆಗೆ ಬಂದ ಸ್ಥಿರ ಆಸ್ತಿಯನ್ನು ಒಂದು ರೂಪಾಯಿಯ ನಾಮಮಾತ್ರ ಮೌಲ್ಯದಲ್ಲಿ ದಾಖಲಿಸಬೇಕು. ಲೆಕ್ಕಶಾಸ್ತ್ರದ ದೃಷ್ಟಿಯಿಂದ ಇದರಲ್ಲಿ ತಪ್ಪಿಲ್ಲ. ಆದರೆ ಸಂಸ್ಥಾನದ ಕಾಲದಿಂದ ಬಳುವಳಿಯಾಗಿ ಬಂದ ಕಟ್ಟಡಗಳ ವಿಷಯದಲ್ಲಿ ಇಂತಹ ಕ್ರಮದ ಪರಿಣಾಮ ವಿಚಿತ್ರವಾದುದು. ಒಂದು ರೂಪಾಯಿಯ ಆಸ್ತಿ ಎಷ್ಟು ಸವೆದರೂ ಸಂಸ್ಥೆಗೆ ನಷ್ಟವೇ ಇಲ್ಲ. ಅದನ್ನು ಕೆಡವಿ ಕಟ್ಟಿದ ಹೊಸ ಸಂಕೀರ್ಣ ಕೋಟಿಗಳ ಆಸ್ತಿಯಾಗಿ ಪುಸ್ತಕದಲ್ಲಿ ಮೂಡುತ್ತದೆ. ಕಟ್ಟಡವು ಕುಸಿಯುವಾಗ ಏನೂ ನಷ್ಟವಾಗದ ಲೆಕ್ಕದಲ್ಲಿ, ಅದನ್ನು ಉಳಿಸುವ ವೆಚ್ಚ ಮಾತ್ರ ನಷ್ಟವಾಗಿ ಕಾಣುತ್ತದೆ.

ಇನ್ನು ಅಧಿಕಾರದ ಹಂಚಿಕೆ. 1993ರ ಜೂನ್ 1ರಿಂದ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ಹನ್ನೆರಡನೆಯ ಅನುಸೂಚಿಯಲ್ಲಿ 18 ವಿಷಯಗಳನ್ನು ನಗರ ಸ್ಥಳೀಯ ಸಂಸ್ಥೆಗಳಿಗೆ ಸೂಚಿಸಿತು. ನಗರ ಯೋಜನೆ, ಭೂಬಳಕೆ ಮತ್ತು ಕಟ್ಟಡಗಳ ನಿಯಂತ್ರಣ, ಸಾಂಸ್ಕೃತಿಕ ಹಾಗೂ ಸೌಂದರ್ಯಾತ್ಮಕ ಅಂಶಗಳ ಸಂವರ್ಧನೆ ಈ ಮೂರೂ ಅದರಲ್ಲಿವೆ. ವಾಸ್ತವದಲ್ಲಿ ಮೈಸೂರಿನ ನಗರ ಯೋಜನೆ, 1903ರ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡಿನ ಉತ್ತರಾಧಿಕಾರಿಯಾಗಿ ಬಂದ ಪ್ರಾಧಿಕಾರದ ಕೈಯಲ್ಲಿ ಉಳಿಯಿತು. ಪರಂಪರೆಯ ಹೊಣೆ ರಾಜ್ಯದ ಪುರಾತತ್ತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯದು. ಅದರ ಕೇಂದ್ರಕಚೇರಿ ಇರುವುದು ಇದೇ ಊರಿನಲ್ಲಿ. ಪಾಲಿಕೆಗೆ ಉಳಿದದ್ದು ಮಾಲೀಕತ್ವ ಮತ್ತು ಬಾಡಿಗೆ ವಸೂಲಿ. ಹೀಗಾಗಿ ಸಲಹೆ ನೀಡುವವರು ದುರಸ್ತಿ ಮಾಡಬೇಕಾಗಿಲ್ಲ, ದುರಸ್ತಿ ಮಾಡಬೇಕಾದವರಿಗೆ ಸಲಹೆ ಪಾಲಿಸಲೇಬೇಕೆಂಬ ಕಟ್ಟುಪಾಡಿಲ್ಲ. ಇದಕ್ಕೆ ಸೇರಿದಂತೆ ಮಹಾಪೌರರ ಅವಧಿ ಒಂದೇ ವರ್ಷ. ಎರಡು ಮಳೆಗಾಲಗಳನ್ನು ಒಂದೇ ಪೀಠದಿಂದ ಕಂಡ ಮಹಾಪೌರರು ಅಪರೂಪ. 2018ರಲ್ಲಿ ಆಯ್ಕೆಯಾದ ಪರಿಷತ್ತಿನ ಅವಧಿ 2023ರ ನವೆಂಬರಿನಲ್ಲಿ ಮುಗಿದಾಗ ಹೊಸ ಚುನಾವಣೆ ನಡೆಯದೆ ಆಡಳಿತಾಧಿಕಾರಿಯ ಆಡಳಿತ ಬಂದಿತು. ಕೆಡವಬೇಕೇ ಉಳಿಸಬೇಕೇ ಎಂಬ ತೀರ್ಮಾನ ಬಿಗಿಯಾಗಬೇಕಾದ ಹೊತ್ತಿನಲ್ಲಿಯೇ ಅದನ್ನು ಚರ್ಚಿಸಬೇಕಾದ ಸಭೆ ಇಲ್ಲವಾಯಿತು.

ಹಾಗೆಂದು ದೋಷವನ್ನೆಲ್ಲ ಚುನಾಯಿತ ಪರಿಷತ್ತಿನ ಮೇಲೆ ಹೊರಿಸುವುದು ಸರಿಯಲ್ಲ. 2022ರ ಅಕ್ಟೋಬರಿನಲ್ಲಿ ಮಹಾರಾಣಿ ಮಹಿಳಾ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡದ ಭಾಗವೂ ಕುಸಿಯಿತು. ಅದು ಪಾಲಿಕೆಯದಲ್ಲ, ಸರ್ಕಾರದ್ದು. ರಾಜ್ಯ ಸರ್ಕಾರದ ಒಡೆತನದಲ್ಲಿರುವ ಮಾತ್ರಕ್ಕೆ ಮಾಡು ಸೋರುವುದು ನಿಲ್ಲುವುದಿಲ್ಲ.

ಕುಸಿತದ ತರುವಾಯ ನಡೆದ ವಾದವಿವಾದಗಳು ಇನ್ನೊಂದು ರೀತಿಯಲ್ಲಿ ಬೋಧಪ್ರದವಾಗಿವೆ. ಒಂದು ತಜ್ಞವರ್ಗವು ಕಟ್ಟಡಗಳನ್ನು ಕೆಡವಿ ಅದೇ ಶೈಲಿಯಲ್ಲಿ ಮರಳಿ ಕಟ್ಟಬೇಕೆಂದಿತು. ಸಂರಕ್ಷಣಾ ತಜ್ಞರು ಹಾಗೂ ಪರಂಪರೆಯ ಪರವಾದ ಸಂಘಟನೆಗಳು ದುರಸ್ತಿ ಸಾಧ್ಯವೆಂದವು. ರಾಜಮನೆತನದ ಪ್ರಮೋದಾದೇವಿ ಒಡೆಯರ್ ಅವರೂ ಉಳಿಸುವ ಪರವಾಗಿ ಮಾತನಾಡಿದರು. ವ್ಯಾಪಾರಿಗಳು ನ್ಯಾಯಾಲಯದ ಮೊರೆಹೊಕ್ಕರು. 2023ರ ಆಗಸ್ಟಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಕೆಡವಿ ಮರುನಿರ್ಮಿಸುವ ಶಿಫಾರಸಿನಲ್ಲಿ ಹಸ್ತಕ್ಷೇಪ ಮಾಡಲು ನಿರಾಕರಿಸಿತು. ನಾಲ್ವರು ಸತ್ತ ಊರಿನಲ್ಲಿ ಸಾರ್ವಜನಿಕರ ಸುರಕ್ಷತೆಯ ವಾದಕ್ಕೆ ಇರುವ ತೂಕವನ್ನು ಯಾರೂ ಅಲ್ಲಗಳೆಯಲಾರರು. ಆದರೆ ನಿರ್ವಹಣೆಯ ವರ್ಷಗಳಲ್ಲಿ ಕೇಳಿಬಾರದ ಆ ವಾದವು ಕೆಡವುವ ಸಂದರ್ಭದಲ್ಲಿ ಮಾತ್ರ ಗಟ್ಟಿಯಾಗಿ ಕೇಳಿಬರುವುದು ವಿಚಾರಾರ್ಹ.

ಸಂರಕ್ಷಣಾವಾದಿಗಳ ನಿಲುವಿನಲ್ಲಿಯೂ ಒಂದು ಕೊರತೆಯುಂಟು. ಅವರ ದಾಖಲಾತಿಗಳು ಕಮಾನು, ಮುಖಮಂಟಪ, ಕಂಬದ ಬೋದಿಗೆಗಳನ್ನು ಶ್ರದ್ಧೆಯಿಂದ ವರ್ಣಿಸುತ್ತವೆ. ಬಾಡಿಗೆಯ ಕರಾರು, ಒಳಬಾಡಿಗೆ, ಅಂಗಡಿಯ ಅಳತೆ, ತಕ್ಕಡಿ ಇಡುವ ಕಟ್ಟೆಯ ಎತ್ತರ ಇವುಗಳ ಬಗ್ಗೆ ಮೌನ ವಹಿಸುತ್ತವೆ. ದೇವರಾಜ ಮಾರುಕಟ್ಟೆಯನ್ನು ಇಷ್ಟು ವರ್ಷ ನಿಜವಾಗಿ ಕಾಪಾಡಿದವರು ಅಲ್ಲಿ ಕುಳಿತು ವ್ಯಾಪಾರ ಮಾಡಿದವರೇ. ಅವರು ಉಳಿಸಲು ಹೋರಾಡಿದ್ದು ಶೈಲಿಯನ್ನಲ್ಲ, ತಮ್ಮ ಜಾಗವನ್ನು. ಇದನ್ನು ಸ್ವಾರ್ಥವೆಂದು ಕಡೆಗಣಿಸುವವರು ಮಾರುಕಟ್ಟೆಯೆಂಬ ವಾಸ್ತುವಿನ ಅರ್ಥವನ್ನೇ ಕಡೆಗಣಿಸಿದಂತೆ. ನಂಜನಗೂಡಿನ ರಸಬಾಳೆ, ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ ಈ ಮೂರಕ್ಕೂ ಭೌಗೋಳಿಕ ಸೂಚಿಯ ಕಾನೂನುರಕ್ಷಣೆ ದೊರೆತಿದೆ. ಅವುಗಳನ್ನು ಹರಡಿಟ್ಟು ಮಾರುವ ಜಗಲಿಗೆ ದೊರೆತಿಲ್ಲ. ಅಂಗಡಿಗಳು ತೆರವಾದ ಮೇಲೆ ಲ್ಯಾನ್ಸ್‌ಡೌನ್ ಕಟ್ಟಡ ಬಾಗಿಲು ಮುಚ್ಚಿದ ಗೋಡೆಯಾಗಿ ಉಳಿದುದನ್ನು ಇದರೊಡನೆ ಹೋಲಿಸಿ ನೋಡಬಹುದು. ಬಳಕೆ ತಪ್ಪಿದ ಕಟ್ಟಡದಲ್ಲಿ ಸೋರಿಕೆಯನ್ನು ದೂರುವವರೂ ಇರುವುದಿಲ್ಲ.

‘ಅದೇ ಶೈಲಿಯಲ್ಲಿ ಮರುನಿರ್ಮಾಣ’ ಎಂಬ ಮಾತನ್ನೂ ಪರೀಕ್ಷಿಸಬೇಕು. ಕಾಂಕ್ರೀಟಿನ ಚೌಕಟ್ಟಿಗೆ ಕಮಾನಿನ ಮುಖ ಅಂಟಿಸಿದರೆ ರಸ್ತೆಯಿಂದ ನೋಡುವವರಿಗೆ ವ್ಯತ್ಯಾಸ ಕಾಣದಿರಬಹುದು. ಆದರೆ ದಪ್ಪ ಗೋಡೆ, ಎತ್ತರದ ಮಾಡು, ತೆರೆದ ಅಂಗಳ ಸೇರಿ ಹೂವು ಮತ್ತು ಸೊಪ್ಪನ್ನು ಮಧ್ಯಾಹ್ನದವರೆಗೆ ಬಾಡದಂತೆ ಇಡುವ ತಂಪು ಮುಖದಲ್ಲಿಲ್ಲ, ಒಡಲಿನಲ್ಲಿದೆ. ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಯ ಉದಾಹರಣೆ ಎದುರಿಗೇ ಇದೆ. ಹಳೆಯ ಮುಂಭಾಗವನ್ನು ಉಳಿಸಿಕೊಂಡು ಹಿಂದೆ 1990ರ ದಶಕದಲ್ಲಿ ಬಹುಮಹಡಿ ಸಂಕೀರ್ಣ ಎದ್ದಿತು. ತಲೆಯ ಮೇಲೆ ಬುಟ್ಟಿ ಹೊತ್ತವರು ಮಹಡಿ ಹತ್ತಲಿಲ್ಲ. ವ್ಯಾಪಾರ ನೆಲದ ಮೇಲೆಯೂ ರಸ್ತೆಯಲ್ಲಿಯೂ ಉಳಿಯಿತು.

ಸ್ಥಳೀಯ ಸಂಸ್ಥೆಯಿಂದ ಇದಾವುದೂ ಆಗುವುದೇ ಇಲ್ಲ ಎಂಬ ನಿರಾಶೆಗೆ ಆಧಾರವಿಲ್ಲ. ಅಹಮದಾಬಾದಿನ ಮಹಾನಗರ ಪಾಲಿಕೆ 1996ರಲ್ಲಿಯೇ ತನ್ನೊಳಗೆ ಪರಂಪರೆ ಘಟಕವೊಂದನ್ನು ಸ್ಥಾಪಿಸಿತು. ಮರುವರ್ಷ ಕಾಲುಪುರದ ಸ್ವಾಮಿನಾರಾಯಣ ಮಂದಿರದಿಂದ ಜಾಮಾ ಮಸೀದಿಯವರೆಗಿನ ಪರಂಪರೆ ನಡಿಗೆಯನ್ನು ಆರಂಭಿಸಿತು. 2017ರಲ್ಲಿ ಆ ನಗರ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಭಾರತದ ನಗರವೊಂದಕ್ಕೆ ಆ ಮನ್ನಣೆ ಸಿಕ್ಕಿದ್ದು ಅದೇ ಮೊದಲು. ಅಲ್ಲಿಯೂ ಪೋಳುಗಳ ಮರದ ಮನೆಗಳು ಅಳಿಯುತ್ತಿವೆ ಎಂಬುದು ನಿಜ. ಆದರೂ ಒಂದು ವ್ಯತ್ಯಾಸವನ್ನು ಗುರುತಿಸಬಹುದು: ಅಲ್ಲಿ ಹಳೆಯ ಕಟ್ಟಡದ ಕಡತ ಕುಳಿತುಕೊಳ್ಳಲು ಪಾಲಿಕೆಯೊಳಗೆ ಒಂದು ಮೇಜು ಇತ್ತು. 2005ರ ಡಿಸೆಂಬರಿನಲ್ಲಿ ಆರಂಭವಾದ ಜವಾಹರಲಾಲ್ ನೆಹರೂ ನಗರ ನವೀಕರಣ ಯೋಜನೆಗೆ ಮೈಸೂರು ಆಯ್ಕೆಯಾದುದೂ ಜನಸಂಖ್ಯೆಯ ಬಲದಿಂದಲ್ಲ, ಐತಿಹಾಸಿಕ ಮತ್ತು ಪ್ರವಾಸೋದ್ಯಮದ ಮಹತ್ತ್ವದಿಂದ. ಅಂದರೆ ಈ ಎರಡು ಕಟ್ಟಡಗಳಂತಹವೇ ನಗರಕ್ಕೆ ಆ ಅನುದಾನದ ಬಾಗಿಲು ತೆರೆದಿದ್ದವು. ಯೋಜನೆ ಆರಂಭವಾದ ಏಳನೆಯ ವರ್ಷಕ್ಕೆ ಅವುಗಳಲ್ಲೊಂದು ಬಿದ್ದಿತು.

ಸಂಶೋಧಕರ ಪಾಲಿಗೆ ಇಲ್ಲಿ ತುರ್ತಿನ ಕೆಲಸವೊಂದಿದೆ. ಕಟ್ಟಡದ ನಕ್ಷೆಗಳಷ್ಟೇ ಮುಖ್ಯವಾದವು ಬಾಡಿಗೆಯ ವಹಿಗಳು, ದುರಸ್ತಿಯ ಅಂದಾಜುಪಟ್ಟಿಗಳು, ಅಂಗಡಿ ಹಂಚಿಕೆಯ ಕಡತಗಳು. ಯಾವ ಅಂಗಡಿ ಯಾವ ಸರಕಿಗೆ, ಯಾವ ವರ್ಷ, ಯಾರಿಂದ ಯಾರ ಕೈಗೆ ಹೋಯಿತು ಎಂಬುದನ್ನು ಅವುಗಳಿಂದ ಮಾತ್ರ ತಿಳಿಯಲು ಸಾಧ್ಯ. ಗೋಡೆಯನ್ನು ಅಳೆಯುವಾಗಲೇ ಅವುಗಳನ್ನೂ ಓದಬೇಕು. ಮರುನಿರ್ಮಾಣದ ನಕ್ಷೆಯಲ್ಲಿ ಕಮಾನುಗಳ ಅಗಲವನ್ನು ಬರೆಯಲಾಗುತ್ತದೆ. ಒಳಗಿನ ಹೂವಿನ ಸಾಲಿನಲ್ಲಿ ಕುಳಿತಿದ್ದವರು ಯಾವ ಸಾಲಿಗೆ ಹಿಂದಿರುಗುತ್ತಾರೆ ಎಂಬುದಕ್ಕೆ ಆ ನಕ್ಷೆಯಲ್ಲಿ ಜಾಗವಿರುವುದಿಲ್ಲ.