ಯಂತ್ರಾಂಶದ ವಿಮರ್ಶೆ: ಬೆಳಗೊಳದ ದಾರಿಯಲ್ಲಿ ಕೆಲವು ಯೋಚನೆಗಳು

ಕಾದಂಬರಿಗೆ, ನಾಟಕಕ್ಕೆ, ಸಿನಿಮಾಕ್ಕೆ ವಿಮರ್ಶಕರಿದ್ದಾರೆ. ಯಂತ್ರಾಂಶಕ್ಕೆ, ಅಂದರೆ ಹಾರ್ಡ್‌ವೇರ್‌ಗೆ, ವಿಮರ್ಶೆ ಎಂದರೆ ನಮ್ಮಲ್ಲಿ ಬಹುಮಟ್ಟಿಗೆ ಒಂದು ಪಟ್ಟಿ ಮಾತ್ರ. ಇಷ್ಟು ವೇಗ, ಇಷ್ಟು ಮೆಮೊರಿ, ಇಷ್ಟು ತೂಕ, ಇಷ್ಟು ಬೆಲೆ. ಇವೆಲ್ಲ ಸಾಧನವು ತಯಾರಕನ ಮೇಜಿನ ಮೇಲೆ ಇದ್ದಾಗಿನ ವಿವರಗಳು. ಮೇಜು ಬಿಟ್ಟು ಹೊರಟ ಮೇಲೆ ಅದು ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಕೇಳುವವರು ಕಡಿಮೆ. ಸರ್ಕಿಟ್ ಬೋರ್ಡ್‌ಗಳನ್ನು ವಿನ್ಯಾಸ ಮಾಡಿ ಹೊಟ್ಟೆ ಹೊರೆಯುವ ನಾನೂ ಬಹಳ ಕಾಲ ಕೇಳಿರಲಿಲ್ಲ. ಕೇಳುವಂತೆ ಮಾಡಿದ್ದು ಹಾಸನ ಜಿಲ್ಲೆಯ ಒಂದು ತೆಂಗಿನ ತೋಟ.

ಚನ್ನರಾಯಪಟ್ಟಣದ ಹತ್ತಿರದ ಆ ತೋಟದಲ್ಲಿ ನಮ್ಮ ಪಂಪ್‌ಸೆಟ್ ನಿಯಂತ್ರಕವೊಂದು ಕೆಲಸ ಮಾಡುತ್ತಿಲ್ಲ ಎಂದು ದೂರು ಬಂದಿತ್ತು. ಮೂರು ಫೇಸ್ ವಿದ್ಯುತ್ ಬಂದೊಡನೆ ಮೋಟಾರನ್ನು ಚಾಲೂ ಮಾಡುವುದು ಅದರ ಕೆಲಸ. ಒಂದು ಫೇಸ್ ಹೋದರೆ, ವೋಲ್ಟೇಜ್ ಇಳಿದರೆ, ಕೊಳವೆಬಾವಿಯಲ್ಲಿ ನೀರು ಬತ್ತಿದರೆ, ಮೋಟಾರಿಗೆ ಹೊರೆ ಹೆಚ್ಚಾದರೆ ಅದನ್ನು ನಿಲ್ಲಿಸಬೇಕು. ನಾಲ್ಕು ಸಂದರ್ಭಗಳಿಗೂ ಸೇರಿ ನಾವು ಇಟ್ಟಿದ್ದು ಒಂದೇ ಕೆಂಪು ದೀಪ. ನಾನು ಹೋಗುವಷ್ಟರಲ್ಲಿ ತೋಟದ ಯಜಮಾನರು ನಮ್ಮ ಪೆಟ್ಟಿಗೆಯ ತಂತಿಗಳನ್ನು ಕಿತ್ತು ನೇರವಾಗಿ ಸ್ಟಾರ್ಟರ್‌ಗೆ ಜೋಡಿಸಿದ್ದರು. ರಾತ್ರಿ ಒಂದು ಫೇಸ್ ಹೋಗಿ ಮೋಟಾರಿನ ಸುರುಳಿ ಸುಟ್ಟಿತ್ತು.

‘ಹೀಗ್ಯಾಕೆ ಮಾಡಿದ್ರಿ ಗೌಡ್ರೇ?’ ಎಂದೆ. ‘ಅಲ್ಲಾ ಸ್ವಾಮಿ, ಕೆಂಪು ದೀಪ ಹತ್ಕೊಂಡದೆ. ಒಳಗೆ ಏನಾಗದೆ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು? ನಿಮ್ ಪೆಟ್ಗೇನೆ ಕೆಟ್ಟದೆ ಅಂದ್ಕೊಂಡೆ’ ಎಂದರು. ಪೆಟ್ಟಿಗೆ ಕೆಟ್ಟಿರಲಿಲ್ಲ. ಒಳಗಿನ ಮೈಕ್ರೋಕಂಟ್ರೋಲರ್‌ಗೆ ಕಾರಣ ಸರಿಯಾಗಿಯೇ ಗೊತ್ತಿತ್ತು. ಹೊರಗೆ ಹೇಳಲು ನಾವು ಅದಕ್ಕೆ ಬಾಯಿ ಕೊಟ್ಟಿರಲಿಲ್ಲ. ಮೂರು ದೀಪಗಳ ಖರ್ಚು ಉಳಿಸಿದ್ದೆವು. ಆ ಉಳಿತಾಯದ ಬೆಲೆಯನ್ನು ಮೋಟಾರು ಸುತ್ತಿಸುವ ಖರ್ಚಿನಲ್ಲಿ, ನೀರಿಲ್ಲದ ದಿನಗಳಲ್ಲಿ ಅವರು ತೆತ್ತರು.

ಈ ತಪ್ಪು ಮಾಡಬಾರದೆಂಬ ಪಾಠ ಅದೇ ಜಿಲ್ಲೆಯಲ್ಲಿ ಬಹಳ ಹಿಂದೆಯೇ ಸಿಕ್ಕಿತ್ತು. ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ. ಇನ್ಸಾಟ್ ಉಪಗ್ರಹಗಳನ್ನು ನೋಡಿಕೊಳ್ಳಲೆಂದು 1982ರಲ್ಲಿ ಆರಂಭವಾದದ್ದು. ಅದರ ಮೊದಲ ಕೂಸು, ಅಮೆರಿಕದ ಫೋರ್ಡ್ ಏರೋಸ್ಪೇಸ್ ಕಟ್ಟಿದ ಇನ್ಸಾಟ್-1ಎ, ಅದೇ ವರ್ಷ ಏಪ್ರಿಲ್ 10ರಂದು ಹಾರಿತು. ಒಂದೇ ಉಪಗ್ರಹದಲ್ಲಿ ದೂರವಾಣಿ, ದೂರದರ್ಶನ, ಹವಾಮಾನ ಮೂರನ್ನೂ ಇಟ್ಟದ್ದು ಅದರ ಹೆಗ್ಗಳಿಕೆ. ಪಟ್ಟಿ ನೋಡಿ ವಿಮರ್ಶಿಸಿದರೆ ಪೂರ್ತಿ ಅಂಕ ಕೊಡಬೇಕು.

ಆದರೆ ಆ ಹೆಗ್ಗಳಿಕೆಗೆ ಒಂದು ಬೆಲೆ ಇತ್ತು. ಹವಾಮಾನದ ಕ್ಯಾಮೆರಾದ ಅವಕೆಂಪು ಸಂವೇದಕ ತಣ್ಣಗಿರಬೇಕಾದರೆ ಉಪಗ್ರಹದ ಉತ್ತರದ ಮುಖ ಬರಿದಾದ ಆಕಾಶವನ್ನು ನೋಡುತ್ತಿರಬೇಕು. ಆದ್ದರಿಂದ ಸೌರಫಲಕವನ್ನು ದಕ್ಷಿಣದ ಕಡೆ ಮಾತ್ರ ಇಟ್ಟರು. ಬಿಸಿಲಿಗೂ ಒತ್ತಡವಿದೆ, ಬಹಳ ಅಲ್ಪ, ಆದರೆ ಎಡೆಬಿಡದೆ ಇರುವಂಥದು. ಒಂದೇ ಕಡೆ ರೆಕ್ಕೆಯಿದ್ದರೆ ಅದು ಉಪಗ್ರಹವನ್ನು ತಿರುಗಿಸುತ್ತದೆ. ಸರಿದೂಗಿಸಲು ಇನ್ನೊಂದು ಕಡೆಗೆ ಉದ್ದನೆಯ ಕೋಲಿನ ತುದಿಗೆ ಸೌರಪಟವೊಂದನ್ನು ಕಟ್ಟಿದರು. ಜಾಣ ಉಪಾಯವೇ. ಆದರೆ ಉಪಗ್ರಹದ ಸಮತೋಲನವೀಗ ಕಕ್ಷೆಯಲ್ಲಿ ತಾನಾಗಿ ಬಿಚ್ಚಿಕೊಳ್ಳಬೇಕಾದ ಒಂದು ಕೋಲಿನ ಮೇಲೆ ನಿಂತಿತು. ಅದು ಬಿಚ್ಚಿಕೊಳ್ಳಲಿಲ್ಲ. ತೊಡಕು ಅದೊಂದೇ ಆಗಿರಲಿಲ್ಲ. ಸಿ-ಬ್ಯಾಂಡ್ ಆಂಟೆನಾ ಕೂಡ ಸತಾಯಿಸಿಯೇ ತೆರೆದಿತ್ತು. ಪಟವಿಲ್ಲದೆ ಉಪಗ್ರಹವನ್ನು ನೆಟ್ಟಗಿಡಲು ಅಮೂಲ್ಯ ಇಂಧನವನ್ನೇ ಸುಡಬೇಕಾಯಿತು. ಸೆಪ್ಟೆಂಬರ್ ಹೊತ್ತಿಗೆ ಇಂಧನ ತೀರಿ, ಏಳು ವರ್ಷ ದುಡಿಯಬೇಕಿದ್ದ ಉಪಗ್ರಹವನ್ನು ಐದು ತಿಂಗಳೂ ತುಂಬುವ ಮೊದಲೇ ಕೈಬಿಡಬೇಕಾಯಿತು.

ಹಾಗಾದರೆ ವಿನ್ಯಾಸವೇ ತಪ್ಪೇ? ಆತುರದ ವಿಮರ್ಶಕ ಹೌದೆನ್ನುತ್ತಾನೆ. 1983ರ ಆಗಸ್ಟ್ ಕೊನೆಗೆ ಹಾರಿದ ಇನ್ಸಾಟ್-1ಬಿ ಅದೇ ಮಾದರಿಯದು. ಅದರ ಸೌರಫಲಕವೂ ಮೊದಲು ತೆರೆಯದೆ ಮೊಂಡು ಹಿಡಿಯಿತು. ಎಂಜಿನಿಯರುಗಳು ಸೆಪ್ಟೆಂಬರ್ ನಡುವಿನವರೆಗೂ ಬಿಡದೆ ಪ್ರಯತ್ನಿಸಿ ತೆರೆಸಿದರು. ಆಮೇಲೆ ದೇಶದ ಮೂಲೆಮೂಲೆಗೆ ದೂರದರ್ಶನ ತಲುಪಿಸಿದ್ದು ಅದೇ 1ಬಿ. 1992ರ ಇನ್ಸಾಟ್-2ಎ ನಮ್ಮವರೇ ಕಟ್ಟಿದ್ದು. ಅದರಲ್ಲೂ ಕೋಲು, ಪಟ ಇದ್ದವು, ಚೆನ್ನಾಗಿ ಕೆಲಸ ಮಾಡಿದವು. ಕಲ್ಪನೆಯಲ್ಲಿ ದೋಷವಿರಲಿಲ್ಲ. ಕೈಬಿಟ್ಟ ಮೇಲೆ ಎಷ್ಟು ಸಂಗತಿಗಳು ಸರಿಯಾಗಿ ನಡೆಯಲೇಬೇಕು, ಒಂದು ನಡೆಯದಿದ್ದರೆ ಉಳಿಯುವ ದಾರಿ ಯಾವುದು ಎಂಬ ಎಣಿಕೆಯಲ್ಲಿ ಇಡೀ ಕಥೆಯಿದೆ. 1ಬಿ ಉಳಿದುಕೊಂಡದ್ದಕ್ಕೆ ಇನ್ನೊಂದು ಕಾರಣ, 36,000 ಕಿಲೋಮೀಟರ್ ದೂರದಿಂದ ಅದು ತನ್ನ ಸ್ಥಿತಿಯನ್ನು ನೆಲಕ್ಕೆ ಹೇಳುತ್ತಲೇ ಇತ್ತು. ಯಾವ ಭಾಗ ತೆರೆದಿಲ್ಲ, ಎಷ್ಟು ವಿದ್ಯುತ್ ಬರುತ್ತಿದೆ ಎಂದು ಗೊತ್ತಿದ್ದರೆ ತಾನೇ ಮುಂದಿನ ಆದೇಶ ಕಳಿಸುವುದು! ನನ್ನ ಪೆಟ್ಟಿಗೆ ಐದಡಿ ದೂರದ ರೈತನಿಗೆ ಅಷ್ಟನ್ನೂ ಹೇಳಿರಲಿಲ್ಲ.

ಅದೇ 1982ರ ಮೇ ತಿಂಗಳಲ್ಲಿ ಕೇರಳದ ಪರವೂರು ವಿಧಾನಸಭಾ ಕ್ಷೇತ್ರದ 50 ಮತಗಟ್ಟೆಗಳಲ್ಲಿ ವಿದ್ಯುನ್ಮಾನ ಮತಯಂತ್ರ ಮೊದಲ ಸಲ ಬಳಕೆಗೆ ಬಂತು. ಮುಂದೆ ಅದನ್ನು ತಯಾರಿಸಿದ ಎರಡು ಸಂಸ್ಥೆಗಳಲ್ಲಿ ಒಂದು ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್. ಈ ಯಂತ್ರದ ಗುಣ ಅದು ಮಾಡದ ಕೆಲಸಗಳಲ್ಲಿದೆ. ಜಾಲ ಸಂಪರ್ಕವಿಲ್ಲ, ಗೋಡೆಯ ವಿದ್ಯುತ್ ಬೇಕಿಲ್ಲ, ಬ್ಯಾಟರಿ ಸಾಕು. ಮತಗಟ್ಟೆಗೆ ನುಗ್ಗಿದವರು ಎಷ್ಟೇ ಅವಸರದಿಂದ ಗುಂಡಿ ಒತ್ತಿದರೂ ಒಂದು ಮತಕ್ಕೂ ಮುಂದಿನದಕ್ಕೂ ನಡುವೆ ಅದು ತನ್ನಷ್ಟಕ್ಕೆ ಸಮಯ ತೆಗೆದುಕೊಳ್ಳುತ್ತದೆ. ಹಳ್ಳಿಯ ಶಾಲೆಯ ಕೊಠಡಿಯನ್ನು ಕಂಡು ಮಾಡಿದ ವಿನ್ಯಾಸವಿದು. ಆದರೂ ಒಂದು ಕೊರತೆ ಉಳಿದಿತ್ತು. ಒಟ್ಟು ಎಷ್ಟು ಮತ ಬಿತ್ತೆಂದು ಅದು ಅಧಿಕಾರಿಗೆ ಹೇಳುತ್ತಿತ್ತು. ನಿನ್ನ ಮತ ನೀನು ಒತ್ತಿದವರಿಗೇ ಹೋಯಿತೆಂದು ಮತದಾರನಿಗೆ ಕಣ್ಣಾರೆ ತೋರಿಸುತ್ತಿರಲಿಲ್ಲ. ಏಳು ಸೆಕೆಂಡ್ ಕಾಣಿಸಿ ಪೆಟ್ಟಿಗೆಗೆ ಬೀಳುವ ಕಾಗದದ ಚೀಟಿ ಬಳಕೆಗೆ ಬರಲು 2013 ಆಗಬೇಕಾಯಿತು. ಸರಿಯಾಗಿ ಕೆಲಸ ಮಾಡುವುದು ಬೇರೆ, ಮಾಡಿದೆನೆಂದು ಬಳಸುವವನಿಗೆ ಮನದಟ್ಟು ಮಾಡುವುದು ಬೇರೆ. ಎರಡನೆಯದೂ ವಿನ್ಯಾಸಕನ ಕೆಲಸವೇ.

ತೋಟದ ಕೆಲಸ ಮುಗಿಸಿ ಆ ದಿನ ಸಂಜೆ ಬಸ್ಸು ಹಿಡಿದು ಶ್ರವಣಬೆಳಗೊಳಕ್ಕೆ ಹೋದೆ. ಬರಿಗಾಲಲ್ಲಿ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ವಿಂಧ್ಯಗಿರಿಯ ತುದಿಯಲ್ಲಿ ನಿಂತಾಗಲೂ ತಲೆಯಲ್ಲಿ ಕೆಂಪು ದೀಪವೇ. ಸುಮಾರು 58 ಅಡಿಯ ಗೊಮ್ಮಟನನ್ನು ಬೆಟ್ಟದ ಬಂಡೆಯಲ್ಲೇ ಕಡೆದಿದ್ದಾರೆ. ಚಾವುಂಡರಾಯ ಮಾಡಿಸಿದ್ದು, 981ರ ಸುಮಾರಿನದು. ತಿದ್ದಿ ಎರಡನೆಯ ಆವೃತ್ತಿ ತೆಗೆಯುವ ಅವಕಾಶ ಆ ಶಿಲ್ಪಿಗಿರಲಿಲ್ಲ. ತೊಡೆಯಿಂದ ಮೇಲೆ ಮೂರ್ತಿಗೆ ಯಾವ ಆಸರೆಯೂ ಇಲ್ಲ. ಕೆಳಗೆ ಕಾಲುಗಳ ಸುತ್ತ ಹುತ್ತ ಬೆಳೆದಿದೆ, ಬಳ್ಳಿ ಹಬ್ಬಿದೆ. ಬಾಹುಬಲಿಯ ತಪಸ್ಸಿನ ಕಥೆ ಕೇಳುವುದೂ ಅದನ್ನೇ. ಎಂಜಿನಿಯರನ ಕಣ್ಣಿಗೆ ಆ ಹುತ್ತ, ಅತಿ ಹೆಚ್ಚು ಭಾರ ಬೀಳುವ ಕಡೆ ಉಳಿಸಿಕೊಂಡ ಕಲ್ಲು. ಆಸರೆ ಎಲ್ಲಿ ಬೇಕೋ ಅಲ್ಲಿಯೇ ಇದೆ, ಆದರೂ ಅದು ಊರುಗೋಲಿನಂತೆ ಕಾಣುವುದಿಲ್ಲ. ಬಿಚ್ಚಿಕೊಳ್ಳಬೇಕಾದ ಭಾಗ ಒಂದೂ ಇಲ್ಲ. ಉಪಗ್ರಹವನ್ನು ಹೀಗೆ ಕಟ್ಟಲಾಗದು, ರಾಕೆಟ್ಟಿನೊಳಗೆ ಮಡಚಿಯೇ ಇಡಬೇಕು, ನಿಜ. ಆದರೆ ಮಿಗುತಾಯ ಎಲ್ಲಿರಬೇಕೆಂಬ ಪ್ರಶ್ನೆ ಇಬ್ಬರಿಗೂ ಒಂದೇ.

ಈಗ ಯಾರದಾದರೂ ಸರ್ಕಿಟ್ ನನ್ನ ಮುಂದೆ ಬಂದರೆ ಮೂರನ್ನು ಕೇಳುತ್ತೇನೆ. ನಿನ್ನ ಕೈಬಿಟ್ಟ ಮೇಲೆ ಎಷ್ಟು ಸಂಗತಿಗಳು ತಾವಾಗಿ ಸರಿಯಾಗಿ ನಡೆಯಬೇಕು? ಒಂದು ನಡೆಯದಿದ್ದರೆ ಆಸರೆ ಯಾವುದು? ಆಗ ಅದು ಬಳಸುವವನಿಗೆ ಏನು ಹೇಳುತ್ತದೆ? ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಅಂತಿಮ ವರ್ಷದ ಪ್ರಾಜೆಕ್ಟುಗಳಿಗೆ ಅಂಕ ಕೊಡುವವರು ಮೇಜಿನ ಮೇಲೆ ದೀಪ ಹತ್ತಿದ ಕೂಡಲೇ ಸಹಿ ಹಾಕದೆ, ಒಂದು ತಂತಿ ಕಿತ್ತು ಈ ಮೂರನ್ನು ಕೇಳಿ ನೋಡಬಹುದು.

ನಮ್ಮ ನಿಯಂತ್ರಕದಲ್ಲಿ ಈಗ ನಾಲ್ಕು ದೀಪಗಳಿವೆ. ಪಕ್ಕದಲ್ಲಿ ಕನ್ನಡದಲ್ಲಿ ಬರೆದಿದೆ: ಫೇಸ್ ಇಲ್ಲ, ವೋಲ್ಟೇಜ್ ಕಡಿಮೆ, ನೀರಿಲ್ಲ, ಹೊರೆ ಹೆಚ್ಚು. ಗೌಡರು ತಂತಿ ಕಿತ್ತಿಲ್ಲ.